ಹೆಚ್ಚುವರಿ ದುಡಿಮೆಯೂ ಮನೆಯ ಸಂಜೆಯೂ

ಮನೆಯ ಹುಡುಗನಿಗೆ ಸಂಬಳದ ಕೆಲಸ ಸಿಕ್ಕಿತೆಂದರೆ ನಮ್ಮಲ್ಲಿ ಅದೊಂದು ಹಬ್ಬ. ದೇವಸ್ಥಾನಕ್ಕೆ ಹೂವಿನ ಪೂಜೆ ಸಲ್ಲುತ್ತದೆ, ನೆರೆಕರೆಗೆ ಸುದ್ದಿ ಮುಟ್ಟುತ್ತದೆ. ಇನ್ನು ತಿಂಗಳಿಗೊಮ್ಮೆಯಾದರೂ ಕೈಗೆ ನಾಲ್ಕು ಕಾಸು ಬರುತ್ತದೆ ಎಂಬ ನೆಮ್ಮದಿ ಹಿರಿಯರದು. ಆರು ತಿಂಗಳು ಕಳೆಯುವುದರೊಳಗೆ ಅದೇ ಜಗಲಿಯಲ್ಲಿ ಬೇರೆ ಮಾತು ಕೇಳಿಬರುತ್ತದೆ: 'ಅವನು ಬರುವಾಗ ರಾತ್ರಿ ಹತ್ತು ಕಳೆಯುತ್ತದೆ. ಆದಿತ್ಯವಾರವೂ ಹೋಗಬೇಕಂತೆ. ಆಗುವುದಿಲ್ಲ ಎಂದರೆ ಕೆಲಸ ಬಿಡು ಅನ್ನುತ್ತಾರಂತೆ.'

ಮಂಗಳೂರಿನ ಆಸ್ಪತ್ರೆ, ಬೆಂಗಳೂರಿನ ಕಂಪೆನಿ, ಪೇಟೆಯ ಜವಳಿ ಅಂಗಡಿ, ಚಿನ್ನದಂಗಡಿ, ಖಾಸಗಿ ಬೇಂಕು, ಎಲ್ಲಿ ಹೋದರೂ ನಮ್ಮ ಮಕ್ಕಳ ದೂರು ಒಂದೇ. ಇಬ್ಬರು ಮಾಡುವ ಕೆಲಸವನ್ನು ಒಬ್ಬರ ಮೇಲೆ ಹೇರುವುದು, ಹೊತ್ತು ಮೀರಿ ನಿಲ್ಲಿಸುವುದು, ನಿಂತದ್ದಕ್ಕೆ ಮಜೂರಿ ಕೊಡದಿರುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂತಹ ಕಚೇರಿಗಳನ್ನು ಕಂಡೇ ಹುಟ್ಟಿತೋ ಎನಿಸುತ್ತದೆ. ಬಿಟ್ಟುಹೋದ ನೌಕರನ ಜಾಗಕ್ಕೆ ಹೊಸಬರನ್ನು ನೇಮಿಸದೆ ಉಳಿದವರ ಬೆನ್ನಿಗೇ ಆ ಹೊರೆಯನ್ನು ಕಟ್ಟುವುದು ಇಂದಿನ ವಾಡಿಕೆ. ಈ ವಿಷಯವನ್ನು ಕಾನೂನಿನ ದೃಷ್ಟಿಯಿಂದಲೂ, ಮನೆಯ ದೃಷ್ಟಿಯಿಂದಲೂ, ನಮ್ಮಂತಹ ಅಲ್ಪಸಂಖ್ಯಾಕ ಕನ್ನಡಿಗರ ದೃಷ್ಟಿಯಿಂದಲೂ ಸ್ವಲ್ಪ ವಿಚಾರಿಸಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಒಡ್ಡನ್‌ಛತ್ರಂನ ಕನ್ನಡಿಗರು

ಪಳನಿ ಯಾತ್ರೆಗೆ ಹೋದ ವಾಚಕರು ಅಲ್ಲಿಂದ ದಿಂಡಿಗಲ್ಲಿಗೆ ಹೋಗುವ ದಾರಿಯಲ್ಲಿ ಒಡ್ಡನ್‌ಛತ್ರಂ ಎಂಬ ಪೇಟೆಯನ್ನು ನೋಡಿರಬಹುದು. ತಮಿಳುನಾಡಿನ ದೊಡ್ಡ ತರಕಾರಿ ಮಾರುಕಟ್ಟೆಗಳಲ್ಲಿ ಅದೂ ಒಂದು. ಸುತ್ತಲ ಹಳ್ಳಿಗಳ ನುಗ್ಗೆ, ಬದನೆ, ಬೆಂಡೆ, ಟೊಮೆಟೊ ಅಲ್ಲಿನ ಮಂಡಿಗಳಿಗೆ ಬಂದು ಬೀಳುತ್ತವೆ. ಅದರಲ್ಲಿ ದೊಡ್ಡ ಪಾಲು ಲಾರಿ ಹತ್ತಿ ಕೇರಳಕ್ಕೆ ಬರುತ್ತದೆ. ಓಣಂ ಹಬ್ಬದ ಸಾಂಬಾರಿಗೂ ಅವಿಯಲಿಗೂ ಆ ಪೇಟೆಯ ಋಣವುಂಟು.

ದಿಂಡಿಗಲ್, ಮಧುರೆ, ತೇಣಿ, ಕಂಬಂ ಕಣಿವೆಗಳಲ್ಲಿ ಕನ್ನಡ ಮಾತನಾಡುವ ಸಮುದಾಯಗಳು ಶತಮಾನಗಳಿಂದ ನೆಲೆಸಿವೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಅನುಪ್ಪರು, ಕಪ್ಪಿಲಿಯರು, ಒಕ್ಕಲಿಗರು ಎಂಬ ಹೆಸರಿನ ಈ ಜನರು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಬದುಕುತ್ತ ಬಂದವರು. ಓದು ಬರೆಹ ತಮಿಳಿನಲ್ಲಿ. ಕನ್ನಡದ ಲಿಪಿಯನ್ನೇ ಕಾಣದ ಕನ್ನಡಿಗರು ಅವರಲ್ಲಿ ಬಹಳ ಮಂದಿ.

ಅಲ್ಲಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬರೊಡನೆ ನಮಗೆ ಮಾತಾಡುವ ಪ್ರಸಂಗ ಒದಗಿತ್ತು. ಮಧ್ಯಾಹ್ನ ತರಕಾರಿ ಬರತೊಡಗಿದಲ್ಲಿಂದ ಕೊನೆಯ ಲಾರಿ ಹೊರಡುವವರೆಗೆ ಅವರು ಪುಸ್ತಕದ ಮುಂದಿರಬೇಕು. ಬೆಳಗ್ಗೆ ಮತ್ತೆ ಬಂದು ರೈತರ ಲೆಕ್ಕ ಚುಕ್ತಾ ಮಾಡಬೇಕು. ಹೆಚ್ಚಿನ ಹೊತ್ತಿಗೆ ಏನು ಕೊಡುತ್ತಾರೆಂದು ಕೇಳಿದೆವು. 'ದೀಪಾವಳಿಗೆ ಒಂದು ಜೊತೆ ಬಟ್ಟೆ, ಅಷ್ಟೇ ವಾತ್ಯಾರೇ' ಎಂದು ನಕ್ಕರು. 'ಮನೆಯಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆಯೇ ಗೌಡರೇ?' ಎಂದಾಗ ಆ ನಗು ನಿಂತಿತು. 'ನಮ್ಮಪ್ಪ ದಿನಾ ಸಂಜೆ ಮನೆಯಲ್ಲಿರುತ್ತಿದ್ದ, ನನಗೆ ಮಾತು ಬಂತು. ನಾನು ಹೋಗುವಾಗ ಮಕ್ಕಳು ಶಾಲೆಯಲ್ಲಿ, ಬರುವಾಗ ನಿದ್ದೆಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವರು ತಮಿಳಿನಲ್ಲಿ ಹೇಳುತ್ತಾರೆ' ಎಂದರು.

ಓವರ್‌ಟೈಮಿನ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ರೂಪಾಯಿಯ ಪ್ರಶ್ನೆಯೆಂದೇ ತಿಳಿಯುತ್ತೇವೆ. ಅದು ರೂಪಾಯಿಯ ಪ್ರಶ್ನೆ ಹೌದು. ಆದರೆ ಬಹುಸಂಖ್ಯಾಕರ ಮಗುವಿಗೆ ಅಪ್ಪ ತಡವಾಗಿ ಬಂದರೂ ಭಾಷೆ ತಪ್ಪುವುದಿಲ್ಲ, ಬೀದಿಯೇ ಅದನ್ನು ಕಲಿಸುತ್ತದೆ. ನಮ್ಮ ಮಗುವಿಗೆ ಭಾಷೆ ಬರುವುದು ಮನೆಯಲ್ಲಿ ಸಂಜೆ ಐದರಿಂದ ಒಂಬತ್ತರವರೆಗಿನ ನಾಲ್ಕು ಗಂಟೆಗಳಲ್ಲಿ. ಕಾಸರಗೋಡಿನಲ್ಲಿ ನಮಗೆ ಕನ್ನಡ ಶಾಲೆಯಾದರೂ ಉಂಟು. ಒಡ್ಡನ್‌ಛತ್ರಂನವರಿಗೆ ಆ ನಾಲ್ಕು ಗಂಟೆಯೇ ಶಾಲೆ. ಮಾಲಕನು ಕೂಲಿ ಕೊಡದೆ ಕೊಂಡುಹೋಗುವುದು ಅದನ್ನೇ.

ಎಂಟು ಗಂಟೆ ಬಂದ ದಾರಿ

ದಿನಕ್ಕೆ ಎಂಟು ಗಂಟೆಯ ದುಡಿಮೆ ಯಾರೋ ಉದಾರಿಗಳು ದಾನವಾಗಿ ಕೊಟ್ಟದ್ದಲ್ಲ. ನಮ್ಮ ದೇಶದಲ್ಲಿ 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಾಳುಗಳ ದುಡಿಮೆಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 12 ಗಂಟೆಯೂ ಆಗ ಒಂದು ಸುಧಾರಣೆಯೆನಿಸಿತ್ತು! 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ನಿಗದಿಮಾಡಿತು. ಭಾರತಕ್ಕೆ ಮಾತ್ರ ವಾರಕ್ಕೆ 60 ಗಂಟೆಯ ವಿಶೇಷ ರಿಯಾಯಿತಿ. 1922ರ ಕಾಯಿದೆಯಲ್ಲಿ ಅದೇ 60, 1934ರಲ್ಲಿ 54, 1946ರ ತಿದ್ದುಪಡಿಯಲ್ಲಿ 48. ಈ ಕೊನೆಯ ಹೆಜ್ಜೆಯ ಹಿಂದೆ 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಅಂಬೇಡ್ಕರರ ಶ್ರಮವಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ 1948ರ ಫ್ಯಾಕ್ಟರಿ ಕಾಯಿದೆಯಲ್ಲಿ 48 ಗಂಟೆ ಸ್ಥಿರವಾಯಿತು. ಅದಕ್ಕಿಂತ ಹೆಚ್ಚು ದುಡಿಸಿದರೆ ಇಮ್ಮಡಿ ಮಜೂರಿ ಎಂಬ ನಿಯಮವೂ ನೆಲೆಯಾಯಿತು.

ಈ ದಾರಿಯಲ್ಲಿ ನಮ್ಮ ದಕ್ಷಿಣದ ಪಾಲು ಸಣ್ಣದಲ್ಲ. 1918ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರಿಗಾಗಿ ಬಿ. ಪಿ. ವಾಡಿಯಾ ಮುಂತಾದವರು ಕಟ್ಟಿದ ಮದ್ರಾಸ್ ಲೇಬರ್ ಯೂನಿಯನ್ ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲೊಂದು. 1923ರ ಮೇ 1ರಂದು ಸಿಂಗಾರವೇಲರು ಮದ್ರಾಸಿನಲ್ಲೇ ದೇಶದ ಮೊದಲ ಮೇ ದಿನವನ್ನು ಆಚರಿಸಿದರು.

ಹೀಗೆ ಇಳಿದು ಬಂದ ಗಂಟೆಗಳನ್ನು ಮತ್ತೆ ಏರಿಸುವ ಪ್ರಯತ್ನ ನಿಂತಿಲ್ಲ. ಕೊರೋನಾ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ಗುಜರಾತ್ ಸರಕಾರವು ದಿನಕ್ಕೆ 12 ಗಂಟೆ ದುಡಿಸಿ, ಹೆಚ್ಚುವರಿ ಹೊತ್ತಿಗೆ ಇಮ್ಮಡಿಯ ಬದಲು ಸಾಮಾನ್ಯ ಮಜೂರಿ ಕೊಟ್ಟರೆ ಸಾಕೆಂದು ಆಜ್ಞೆ ಹೊರಡಿಸಿತು. ಅದೇ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. 2023ರ ಏಪ್ರಿಲ್ 21ರಂದು ತಮಿಳುನಾಡು ವಿಧಾನಸಭೆಯು 12 ಗಂಟೆಯ ದುಡಿಮೆಗೆ ದಾರಿಮಾಡುವ ಮಸೂದೆಯನ್ನು ಅಂಗೀಕರಿಸಿತು. ಕಾರ್ಮಿಕ ಸಂಘಗಳೂ ಆಡಳಿತ ಪಕ್ಷದ ಮಿತ್ರರೂ ಒಟ್ಟಾಗಿ ವಿರೋಧಿಸಿದ್ದರಿಂದ ಮೂರೇ ದಿನದಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಮೇ ದಿನದಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂತೆಗೆದುಕೊಂಡುದಾಗಿ ಸಾರಿದರು. ಜನರು ಎಚ್ಚರವಾಗಿದ್ದರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಈಗಿನ ಕಾನೂನು

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. 1948ರ ಫ್ಯಾಕ್ಟರಿ ಕಾಯಿದೆಯ ಸ್ಥಾನದಲ್ಲಿ ಈಗ ಇರುವುದು 2020ರಲ್ಲಿ ಅಂಗೀಕಾರವಾದ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ. ದಿನಕ್ಕೆ 8 ಗಂಟೆಯೆಂಬ ತತ್ವವನ್ನೂ ಇಮ್ಮಡಿ ಮಜೂರಿಯನ್ನೂ ಅದು ಉಳಿಸಿಕೊಂಡಿದೆ. ಇನ್ನೊಂದು ಮಾತು ಅದರ 27ನೆಯ ಸೆಕ್ಷನಿನಲ್ಲುಂಟು. ಕಾರ್ಮಿಕನ ಒಪ್ಪಿಗೆಯಿದ್ದರೆ ಮಾತ್ರ ಅವನಿಂದ ಓವರ್‌ಟೈಮ್ ಮಾಡಿಸಬಹುದು. ಅಂದಮೇಲೆ 'ಕಡ್ಡಾಯ ಓವರ್‌ಟೈಮ್' ಎಂಬ ಮಾತೇ ಕಾನೂನಿಗೆ ಒಪ್ಪದ ಮಾತು.

ಅಂಗಡಿ ಮುಂಗಟ್ಟುಗಳಿಗೆ ಆಯಾ ರಾಜ್ಯದ ಕಾಯಿದೆ. ತಮಿಳುನಾಡಿನ 1947ರ ಕಾಯಿದೆಯಂತೆ ಅಂಗಡಿ ನೌಕರನ ದುಡಿಮೆ ದಿನಕ್ಕೆ 8, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ದಾಟಕೂಡದು. ಒಡ್ಡನ್‌ಛತ್ರಂನ ಆ ಲೆಕ್ಕದವರು ಈ ನಿಯಮದ ಹೆಸರನ್ನೇ ಕೇಳಿರಲಿಲ್ಲ. ಕೇರಳದ 1960ರ ಕಾಯಿದೆಯಲ್ಲೂ 8 ಮತ್ತು 48ರ ಮಿತಿ ಉಂಟು. ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳ ಹೋರಾಟದ ಫಲವಾಗಿ 2018ರಲ್ಲಿ ಕೇರಳವೂ, 2021ರಲ್ಲಿ ತಮಿಳುನಾಡೂ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿದುವು. ಕುಳಿತುಕೊಳ್ಳಲಿಕ್ಕೂ ಒಂದು ಕಾಯಿದೆ ಬೇಕಾಯಿತೆಂದರೆ ಆ ಹೆಣ್ಣುಮಕ್ಕಳ ಸ್ಥಿತಿ ಹೇಗಿತ್ತೆಂದು ವಾಚಕರೇ ಊಹಿಸಬಹುದು.

ಕಾನೂನಿನಲ್ಲೊಂದು ಕಂಡಿಯೂ ಉಂಟು. ಆಡಳಿತ ನಡೆಸುವವರು, ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವ ಮೇಲ್ವಿಚಾರಕರು 'ಕಾರ್ಮಿಕ'ರೆಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಾಗಾಗಿಯೇ ಗುಮಾಸ್ತನ ಕೆಲಸ ಮಾಡುವವನಿಗೂ ಮ್ಯಾನೇಜರ್, ಎಕ್ಸಿಕ್ಯೂಟಿವ್ ಎಂಬ ಭಾರದ ಹೆಸರು ಕೊಡುವ ಉಪಾಯ ನಡೆಯುತ್ತದೆ. ನಮ್ಮ ಹುಡುಗರು ಆ ಹೆಸರನ್ನು ಮದುವೆಯ ಕಾಗದದಲ್ಲಿ ಹಾಕಿಸಿ ಹಿಗ್ಗುತ್ತಾರೆ. ಆದರೆ ನ್ಯಾಯಾಲಯಗಳು ನೋಡುವುದು ಬಾಗಿಲಿನ ಫಲಕವನ್ನಲ್ಲ, ಮಾಡುವ ಕೆಲಸವನ್ನು. ಕೈಕೆಳಗೆ ಯಾರೂ ಇಲ್ಲದ, ಒಂದು ರಜೆಯನ್ನು ಮಂಜೂರು ಮಾಡುವ ಅಧಿಕಾರವೂ ಇಲ್ಲದ ಮ್ಯಾನೇಜರನು ಹೆಸರಿಗೆ ಮಾತ್ರ ಮ್ಯಾನೇಜರ್.

ದಿಂಡಿಗಲ್ಲಿನ ಪಾಠ

ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ದಿಂಡಿಗಲ್, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಹೆಸರಿನ ಒಂದು ಪದ್ಧತಿ ಬಹುಕಾಲ ನಡೆಯಿತು. ಬಡವರ ಮನೆಯ ಮದುವೆಯಾಗದ ಹುಡುಗಿಯರನ್ನು ಸುಮಾರು ಮೂರು ವರ್ಷದ ಕರಾರಿಗೆ ತಂದು ಗಿರಣಿಯ ಹಾಸ್ಟೆಲಿನಲ್ಲಿರಿಸುವುದು, ಅವಧಿ ಮುಗಿದಾಗ ಮದುವೆಯ ಖರ್ಚಿಗೆಂದು ಒಂದು ಗಂಟು ಹಣ ಕೊಡುವುದು. ಗಿರಣಿಯ ಆವರಣದೊಳಗೇ ಮಲಗುವ ಹುಡುಗಿಗೆ ಹೊತ್ತೆಂಬುದೇ ಇಲ್ಲ. ಯಾವಾಗ ಕರೆದರೂ ಎದ್ದು ಬರಬೇಕು. ನಡುವೆ ಬಿಟ್ಟರೆ ಗಂಟೂ ಇಲ್ಲ.

ಅದೇ ಜಿಲ್ಲೆಯಿಂದ ಬೇರೊಂದು ಪಾಠವೂ ಬಂದಿದೆ. ಅಲ್ಲಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ದಲಿತ ಯುವತಿಯೊಬ್ಬಳು 2021ರ ಜನವರಿಯಲ್ಲಿ ಕೊಲೆಯಾದಳು. ಅಪಾದನೆ ಬಂದದ್ದು ಒಬ್ಬ ಮೇಲ್ವಿಚಾರಕನ ಮೇಲೆ. ಆ ಬಳಿಕ ದಲಿತ ಮಹಿಳೆಯರೇ ಮುಂದೆ ನಿಂತು ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘವು ಸುಮ್ಮನಿರಲಿಲ್ಲ. 2022ರ ಏಪ್ರಿಲಿನಲ್ಲಿ ಕಾರ್ಖಾನೆಯ ಒಡೆತನದ ಈಸ್ಟ್‌ಮ್ಯಾನ್ ಎಕ್ಸ್‌ಪೋರ್ಟ್ಸ್ ಆ ಸಂಘದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಅಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಮುಂತಾದ ವಿದೇಶೀ ಕಂಪೆನಿಗಳೂ ಅದಕ್ಕೆ ಬದ್ಧವಾದುವು. 'ದಿಂಡಿಗಲ್ ಒಪ್ಪಂದ'ವೆಂದು ಅದು ಹೆಸರಾಗಿದೆ. ಹೆಂಗಸರ ಮೇಲಿನ ಕಿರುಕುಳವನ್ನು ತಡೆಯುವುದೇ ಅದರ ಮುಖ್ಯ ಉದ್ದೇಶ. ಕಾರ್ಮಿಕರ ಸಾಲಿನಿಂದಲೇ ಆರಿಸಿದ ಹೆಂಗಸರು ತರಬೇತಿ ಪಡೆದು ಪ್ರತಿಯೊಂದು ವಿಭಾಗದ ಮೇಲೆ ಕಣ್ಣಿಡುತ್ತಾರೆ. ದೂರು ಹೇಳಿದವರ ಮೇಲೆ ಸೇಡು ತೀರಿಸುವಂತಿಲ್ಲ.

ಓವರ್‌ಟೈಮಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಗಂಟೆಗೆ ಇಷ್ಟು ಬಟ್ಟೆ ಮುಗಿಯಲೇಬೇಕೆಂಬ ಒತ್ತಡವಿದ್ದಲ್ಲಿ ಬೈಗುಳವೂ ಇರುತ್ತದೆ, ಹೊತ್ತು ಮೀರಿ ನಿಲ್ಲಿಸುವುದೂ ಇರುತ್ತದೆ. ಎರಡಕ್ಕೂ ಬೇರು, ಎದುರು ಮಾತಾಡಲಾರಳೆಂಬ ಧೈರ್ಯ. ಒಬ್ಬಳೇ ಹೋಗಿ ಮಾತಾಡಿದರೆ ಅವಳನ್ನು ಹೊರಗೆ ಹಾಕುವುದು ಸುಲಭ. ಸಾಲಿನವರೆಲ್ಲ ಜೊತೆಗೂಡಿ ಕೇಳಿದಾಗ ಗಿರಣಿಯೂ ಲೆಕ್ಕ ಹಾಕಿ ನೋಡಬೇಕಾಗುತ್ತದೆ.

ಎಪ್ಪತ್ತು ಗಂಟೆಯ ಉಪದೇಶ

ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪೆನಿಯ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಲೆಕ್ಕದ ಮಾಷ್ಟ್ರಿಗೆ ಕೊಟ್ಟರೆ 70 ಗಂಟೆಯೆಂದರೆ ವಾರದ ಆರು ದಿನವೂ 11 ಗಂಟೆ 40 ಮಿನಿಟು. ಬಸ್ಸಿನ ಎರಡು ಗಂಟೆ ಸೇರಿಸಿದರೆ ಮನೆಗೆ ಉಳಿಯುವುದು ಊಟ ಮತ್ತು ನಿದ್ದೆ ಮಾತ್ರ. ಕಂಪೆನಿಯನ್ನು ಕಟ್ಟಿದವರು ತಮ್ಮ ಸ್ವಂತದ್ದಕ್ಕೆ ದುಡಿದರು, ಅದನ್ನು ನಾವು ಗೌರವಿಸೋಣ. ತಿಂಗಳ ಸಂಬಳದವನು ಅದೇ ಹೊತ್ತು ದುಡಿದರೆ ಅವನಿಗೆ ಕಂಪೆನಿಯಲ್ಲಿ ಪಾಲು ಬರುತ್ತದೆಯೇ?

ಆರೋಗ್ಯದ ಲೆಕ್ಕ ಇನ್ನೂ ಕಠಿಣ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17 ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ಹೀಗೆ ಪ್ರಾಣ ಬಿಟ್ಟರೆಂದು ಅಂದಾಜು. ಜಪಾನಿನಲ್ಲಿ ದುಡಿದು ದುಡಿದು ಸಾಯುವುದಕ್ಕೆ 'ಕರೋಶಿ' ಎಂಬ ಬೇರೆ ಶಬ್ದವೇ ಉಂಟು. 2024ರಲ್ಲಿ ಪುಣೆಯಲ್ಲಿ ಕೆಲಸಕ್ಕಿದ್ದ ಕೇರಳದ 26ರ ಹರೆಯದ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡಾಗ, ಕೆಲಸದ ಹೊರೆಯೇ ಮಗಳನ್ನು ಕೊಂಡೊಯ್ದಿತೆಂದು ಅವಳ ತಾಯಿ ಬರೆದ ಪತ್ರವನ್ನು ಇಡೀ ದೇಶ ಓದಿತು.

ಸರಕಾರೀ ನೌಕರರು ಆರಾಮವಾಗಿದ್ದಾರೆಂದು ತಿಳಿಯಬೇಡಿ. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಕಂಪ್ಯೂಟರಿಗೆ ತುಂಬಿಸುವ ಪಟ್ಟಿ, ರಾತ್ರಿ ಮೊಬೈಲಿಗೆ ಬರುವ ಆದೇಶ ಇವೆಲ್ಲ ನಮ್ಮಂತಹ ಅಧ್ಯಾಪಕರ ಪಾಲಿಗೆ ಬಂದಿವೆ. ಕನ್ನಡ ಮಾಧ್ಯಮದ ಹುದ್ದೆ ಖಾಲಿಬಿದ್ದಾಗ ಇದ್ದವರೇ ಎರಡು ತರಗತಿಗಳನ್ನು ನೋಡಿಕೊಳ್ಳಬೇಕು. 2025ರ ಕೊನೆಗೆ ಮತದಾರರ ಪಟ್ಟಿಯ ತೀವ್ರ ಪರಿಷ್ಕರಣೆ ನಡೆದಾಗ ಬೂತ್ ಮಟ್ಟದ ಅಧಿಕಾರಿಗಳಾಗಿ ಮನೆಮನೆ ಅಲೆದವರಲ್ಲಿ ಅಧ್ಯಾಪಕರೂ ಅಂಗನವಾಡಿ ಕಾರ್ಯಕರ್ತೆಯರೂ ಇದ್ದರು. ಅವರ ಹೊರೆ ತಗ್ಗಿಸಲು ಹೆಚ್ಚಿನ ಸಿಬ್ಬಂದಿಯನ್ನು ಕೊಡಬೇಕೆಂದು ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ನಾವು ಮಾಡಬಹುದಾದದ್ದು

ಮೊದಲನೆಯದು, ಒಂದು ಸಣ್ಣ ಪುಸ್ತಕ. ಪ್ರತಿದಿನ ಕೆಲಸಕ್ಕೆ ಹೊಕ್ಕ ಹೊತ್ತು, ಹೊರಬಿದ್ದ ಹೊತ್ತು, ನಿಲ್ಲಲು ಹೇಳಿದವರ ಹೆಸರು ಬರೆದಿಡಬೇಕು. ಬಾಯಿಮಾತಿನ ಆಜ್ಞೆ ಬಂದರೆ 'ತಾವು ಹೇಳಿದಂತೆ ಎಂಟು ಗಂಟೆಯವರೆಗೆ ನಿಂತಿದ್ದೇನೆ' ಎಂದು ವಿನಯದಿಂದಲೇ ಒಂದು ಸಂದೇಶ ಕಳಿಸಿಡಬಹುದು. ನಾಳೆ ಅದೇ ಸಾಕ್ಷಿ.

ಎರಡನೆಯದು, ಲೆಕ್ಕ. ಮೂಲವೇತನವೂ ತುಟ್ಟಿಭತ್ಯೆಯೂ ಸೇರಿ ತಿಂಗಳಿಗೆ 15,600 ರೂಪಾಯಿಯೆಂದಿಟ್ಟುಕೊಳ್ಳಿ. ರೂಢಿಯಂತೆ 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಗಂಟೆಗೆ 75. ಇಮ್ಮಡಿಯೆಂದರೆ ಗಂಟೆಗೆ 150. ದಿನಕ್ಕೆ ಎರಡು ಗಂಟೆಯಂತೆ 25 ದಿನ ನಿಂತವನಿಗೆ ಬರಬೇಕಾದದ್ದು 7,500 ರೂಪಾಯಿ. ಸಂಬಳದ ಹೆಚ್ಚುಕಡಿಮೆ ಅರ್ಧ! ಪ್ರತಿ ತಿಂಗಳೂ ಇಷ್ಟನ್ನು ಮಾಲಕನಿಗೆ ದಾನ ಮಾಡುತ್ತಿದ್ದೇವೆಂದು ತಿಳಿದಾಗಲಾದರೂ ಕಣ್ಣು ತೆರೆಯಬೇಕು.

ಮೂರನೆಯದು, ಒಬ್ಬರೇ ಹೋಗಬೇಡಿ. ಅದೇ ಕೆಲಸದ ನಾಲ್ಕೈದು ಮಂದಿ ಸೇರಿ ಹೋಗಿ. ಮೊದಲು ಮಾಲಕರೊಡನೆ ಮರ್ಯಾದೆಯಿಂದ ಮಾತಾಡಿ. ಆಗದಿದ್ದರೆ ಲೇಬರ್ ಆಫೀಸಿಗೆ ಅರ್ಜಿ. ಇಲ್ಲಿ ನಮ್ಮವರು ಹಿಂಜರಿಯುವುದು ಭಾಷೆಯ ಅಂಜಿಕೆಯಿಂದ. ಸಂವಿಧಾನದ 350ನೆಯ ವಿಧಿಯಂತೆ ಯಾವ ಅಧಿಕಾರಿಗಾದರೂ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾಕ ಪ್ರದೇಶಗಳ ಕನ್ನಡಿಗರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಹೆಂಗಸರಿಗೂ ಕೈಗಾರಿಕಾ ಕಾರ್ಮಿಕರಿಗೂ 1987ರ ಕಾಯಿದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ.

ನಾಲ್ಕನೆಯದು ಮನೆಯವರಿಗೆ. ಓವರ್‌ಟೈಮಿನ ಹಣ ಬಂದರೂ ಅದನ್ನು ಸಾಲದ ಕಂತಿಗೆ ಕಟ್ಟಿಹಾಕಬೇಡಿ. ಮೂಲ ಸಂಬಳದಲ್ಲಿ ಸಂಸಾರ ಸಾಗುವಂತಿದ್ದರೆ ಮಾತ್ರ 'ಇಂದು ಆಗುವುದಿಲ್ಲ' ಎಂದು ಹೇಳುವ ಶಕ್ತಿ ದುಡಿಯುವವನಿಗೆ ಉಳಿಯುತ್ತದೆ. ದೊಡ್ಡ ಮನೆ, ಹೊಸ ಕಾರು, ಅದ್ದೂರಿ ಮದುವೆ ಎಂದು ನಾವೇ ಅವನ ಕುತ್ತಿಗೆಗೆ ನೊಗ ಕಟ್ಟಿ, ಬಳಿಕ ಕಂಪೆನಿಯನ್ನು ಬೈದರೆ ಏನು ಫಲ? ದುಡಿದು ಬಂದ ಸೊಸೆಯ ವಿಷಯ ಇನ್ನೂ ದೊಡ್ಡದು. ಅವಳಿಗೆ ಮನೆಗೆ ಬಂದ ಮೇಲೆ ಒಲೆಯ ಮುಂದೆ ಎರಡನೆಯ ಪಾಳಿ ಸುರುವಾಗುತ್ತದೆ. ಅದಕ್ಕೆ ಇಮ್ಮಡಿಯೂ ಇಲ್ಲ, ಒಮ್ಮಡಿಯೂ ಇಲ್ಲ. ಗಂಡಸರು ಪಾತ್ರೆ ತೊಳೆದರೆ ಕೈ ಸವೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸರಿಯಾಗದ ಕಡೆ ಇರುವುದುಂಟು. ಅಂತಹ ಕೆಲಸದಲ್ಲಿದ್ದುಕೊಂಡೇ ಬೇರೊಂದನ್ನು ಹುಡುಕುವುದು ಸೋಲಲ್ಲ. ಮಗ ಕೆಲಸ ಬದಲಾಯಿಸಿದನೆಂದು ಹಂಗಿಸುವ ಮೊದಲು ಅವನು ಯಾಕೆ ಬದಲಾಯಿಸಿದನೆಂದು ಹಿರಿಯರು ಒಮ್ಮೆ ಕೇಳಬೇಕು.

ನಮ್ಮ ರೈತರು ಉಳುವ ಎತ್ತನ್ನೂ ಹೊತ್ತೇರಿದಾಗ ನೊಗದಿಂದ ಬಿಚ್ಚಿ ನೀರು ಕುಡಿಸಿ ನೆರಳಿಗೆ ಕಟ್ಟುತ್ತಿದ್ದರು. ಮರುದಿನವೂ ಅದೇ ಎತ್ತಿನಿಂದ ಉಳಬೇಕೆಂಬ ಅರಿವು ಅವರಿಗಿತ್ತು. ಸಂಬಳ ಕೊಡುವವರಿಗೆ ಅಷ್ಟು ಅರಿವು ಬರುವವರೆಗೆ ನಮ್ಮ ಸಂಜೆಯನ್ನು ನಾವೇ ಕಾಯಬೇಕು. ಮಗುವನ್ನು ಪಕ್ಕದಲ್ಲಿ ಕೂರಿಸಿ ಕನ್ನಡದಲ್ಲಿ ನಾಲ್ಕು ಮಾತಾಡಲು, ಒಂದು ಕತೆ ಹೇಳಲು, ಈ ಪತ್ರಿಕೆಯ ಒಂದು ಪುಟವನ್ನು ಓದಿಸಲು ಬೇಕಾದ ಹೊತ್ತು ಅದು. ಆ ಕೆಲಸವನ್ನು ನಮಗಾಗಿ ಬೇರೆ ಯಾರೂ ಮಾಡಿಕೊಡುವುದಿಲ್ಲ.